ಟಯರ್ ಜಾಗ ಬದಲಾಯಿಸಿದ ಮರುದಿನ ಸ್ಟೇರಿಂಗ್ ನಡುಗಿದರೆ

ಶಾಂತಿಗ್ರಾಮದ ಟೋಲ್ ದಾಟಿ ಕಾರು ವೇಗ ಹಿಡಿಯಿತು. ಮುಳ್ಳು 80 ಮುಟ್ಟುತ್ತಿದ್ದಂತೆ ಸ್ಟೇರಿಂಗ್ ಕೈಯಲ್ಲಿ ನಡುಗತೊಡಗಿತು. 95 ದಾಟಿದರೆ ಕಡಿಮೆ, 75ಕ್ಕೆ ಇಳಿದರೆ ಇಲ್ಲವೇ ಇಲ್ಲ. ಹಿಂದಿನ ದಿನ ಭಾನುವಾರ, ಹಾಸನದ ಮನೆಯಂಗಳದಲ್ಲಿ ನಾನೇ ನಾಲ್ಕೂ ಟಯರ್‌ಗಳ ಜಾಗ ಬದಲಾಯಿಸಿದ್ದೆ. ಮೀಟರ್‌ನಲ್ಲಿ 38,400 ಕಿ.ಮೀ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಏನೂ ಹೇಳಲಿಲ್ಲ. ಒಮ್ಮೆ ನನ್ನ ಕೈ ನೋಡಿದಳು, ಒಮ್ಮೆ ರಸ್ತೆ ನೋಡಿದಳು. ಚನ್ನರಾಯಪಟ್ಟಣದಲ್ಲಿ ಪಕ್ಕಕ್ಕೆ ಹಾಕಿ ಹದಿನಾರು ನಟ್‌ಗಳಿಗೂ ಸ್ಪ್ಯಾನರ್ ಕೊಟ್ಟು ನೋಡಿದೆ. ಒಂದೂ ಸಡಿಲವಿರಲಿಲ್ಲ. ಬೆಂಗಳೂರಿನವರೆಗೂ 70ರಲ್ಲೇ ಹೋದೆವು.

ಮೂರು ದಿನ ಬಿಟ್ಟು ಹಾಸನದಲ್ಲಿ ಅಲೈನ್‌ಮೆಂಟ್ (ಚಕ್ರಗಳ ಓರೆಕೋರೆ ಸರಿಪಡಿಸುವ) ಅಂಗಡಿಗೆ ಹೋದಾಗ ಅಲ್ಲಿಯ ಹುಡುಗ ಮುಂದಿನ ಬಲ ಚಕ್ರ ಬಿಚ್ಚಿ, ತೂಕ ಸುತ್ತಲೂ ಸಮ ಇದೆಯೇ ಎಂದು ನೋಡುವ ಬ್ಯಾಲೆನ್ಸಿಂಗ್ ಮೆಷಿನ್‌ಗೆ ಏರಿಸುವ ಮೊದಲೇ ನಕ್ಕ. "ಸಾರ್, ರಿಮ್ ಒಳಗೆ ನೋಡಿ." ಅಂಗೈ ಅಗಲದ ಕೆಂಪು ಮಣ್ಣಿನ ಹೆಂಟೆ, ಇಟ್ಟಿಗೆಯ ಹಾಗೆ ಒಣಗಿ ಒಳಮೈಗೆ ಅಂಟಿಕೊಂಡಿತ್ತು. ಸಕಲೇಶಪುರದ ಹತ್ತಿರ ಭಾವಮೈದನ ತೋಟಕ್ಕೆ ಹೋಗಿಬಂದದ್ದರ ಉಡುಗೊರೆ. ಹಾಗೇ ಮೆಷಿನ್‌ಗೆ ಹಾಕಿದಾಗ 70 ಗ್ರಾಂ ವ್ಯತ್ಯಾಸ ತೋರಿಸಿತು. ಸ್ಕ್ರೂಡ್ರೈವರ್‌ನಿಂದ ಕೆತ್ತಿ ತೆಗೆದ ಮೇಲೆ 20.

ಆ ಮಣ್ಣು ಭಾನುವಾರ ಅಂಟಿದ್ದಲ್ಲ. ತಿಂಗಳಿಂದ ಹಿಂದಿನ ಎಡ ಚಕ್ರದಲ್ಲೇ ಇತ್ತು. ಚಕ್ರದ ತೂಕ ಒಂದು ಕಡೆ ವಾಲಿದ್ದರೆ, ಮುಂದಿನದಾದರೆ ಸ್ಟೇರಿಂಗ್‌ನಲ್ಲಿ ಗೊತ್ತಾಗುತ್ತದೆ, ಹಿಂದಿನದಾದರೆ ಸೀಟು ಮತ್ತು ನೆಲದಲ್ಲಿ ಸಣ್ಣಗೆ ಗುನುಗುತ್ತದೆ. ನಮ್ಮ ರಸ್ತೆಗಳಲ್ಲಿ ಸೀಟು ನಡುಗಿದರೆ ಯಾರು ಗಮನಿಸುತ್ತಾರೆ? ನಾನು ಆ ಚಕ್ರವನ್ನು ಮುಂದಕ್ಕೆ ತಂದೆ, ಅದು ಕೈಗೆ ಮಾತಾಡಿತು. ರೊಟೇಷನ್, ಅಂದರೆ ಹೀಗೆ ಟಯರ್ ಜಾಗ ಬದಲಾಯಿಸುವುದು, ಆದಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಹೀಗೆ ಹಿಂದೆ ಅಡಗಿದ್ದು ಮುಂದೆ ಬಂದು ಕೂತವು. ಉಳಿದವು ನಟ್ ಬಿಗಿಯುವಾಗ ಆದ ಎಡವಟ್ಟು. ಯಾವುದು ಯಾವುದು ಎಂದು ಬೇರ್ಪಡಿಸುವುದಕ್ಕೆ ಮೆಷಿನ್ ಬೇಕಿಲ್ಲ. ಯಾವ ಟಯರ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಗೊತ್ತಿರಬೇಕು, ಅಷ್ಟೆ.

ಬಿಚ್ಚುವ ಮೊದಲು ಸೀಮೆಸುಣ್ಣ

ಈಗ ನಾನು ಮನೆಯಲ್ಲಿ ಬಿಚ್ಚಲಿ, ಅಂಗಡಿಗೆ ಕೊಡಲಿ, ಮೊದಲು ಪ್ರತಿ ಟಯರ್‌ನ ಒಳಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ: ಮುಎ, ಮುಬ, ಹಿಎ, ಹಿಬ (ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ). ಹೊರಗೋಡೆಯ ಮೇಲೆ ಬರೆದರೆ ತೊಳೆದುಹೋಗುತ್ತದೆ. ಜೊತೆಗೆ ಟಯರ್ ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿಗಳನ್ನು ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳುತ್ತೇನೆ. 2319 ಎಂದಿದ್ದರೆ 2019ರ 23ನೇ ವಾರ. ನಾಲ್ಕೂ ಟಯರ್ ಒಂದೇ ವಾರದ್ದಲ್ಲದಿದ್ದರೆ ಗುರುತಿಗೆ ಇದು ಚೆನ್ನಾಗಿ ಒದಗುತ್ತದೆ. ಕೆಲವು ಟಯರ್‌ಗಳಲ್ಲಿ ಈ ನಾಲ್ಕು ಅಂಕಿ ಒಂದೇ ಮಗ್ಗುಲಲ್ಲಿ ಇರುತ್ತದೆ, ಅದು ಒಳಗಡೆಗೆ ಬಿದ್ದಿದ್ದರೆ ಬಗ್ಗಿ ನೋಡಬೇಕು.

ಸೀಮೆಸುಣ್ಣದ ಇನ್ನೊಂದು ಉಪಯೋಗ ನನಗೆ ತಡವಾಗಿ ತಿಳಿಯಿತು. 48,000 ಕಿ.ಮೀ.ಯ ಸರ್ವಿಸ್ ಆದಮೇಲೆ ಬಿಲ್‌ನಲ್ಲಿ "ವೀಲ್ ರೊಟೇಷನ್" ಎಂದು ಬರೆದು ದುಡ್ಡು ಹಾಕಿದ್ದರು. ಮನೆಗೆ ಬಂದು ಬಗ್ಗಿ ನೋಡಿದರೆ ಮುಎ ಮುಂದಿನ ಎಡದಲ್ಲೇ ಇದೆ, ಹಿಬ ಹಿಂದಿನ ಬಲದಲ್ಲೇ ಇದೆ. ವಾಪಸ್ ಹೋಗಿ ತೋರಿಸಿದೆ. ಜಗಳ ಆಗಲಿಲ್ಲ, ಮೇಲ್ವಿಚಾರಕರು ಒಮ್ಮೆ ನೋಡಿ, "ಈಗಲೇ ಮಾಡಿಸ್ತೀನಿ ಸಾರ್" ಎಂದು ಗಾಡಿ ಒಳಗೆ ತೆಗೆದುಕೊಂಡರು. ಆದರೆ ಅಲ್ಲಿಗೆ ಮತ್ತೆ ಹೋಗಿಲ್ಲ.

ನಡುಕ: ಎಷ್ಟು ವೇಗದಲ್ಲಿ, ಯಾವ ಹೊತ್ತಿಗೆ

ಮೊದಲು ಕೇಳಬೇಕಾದ್ದು, ನಡುಕ ಯಾವ ವೇಗದಲ್ಲಿ ಶುರು ಎಂದು.

ಕಾರು ಹೊರಟ ಮೊದಲ ಒಂದೆರಡು ಕಿಲೋಮೀಟರ್‌ನಲ್ಲೇ, 20–30ರ ವೇಗದಲ್ಲೇ, ಟಕ್ ಟಕ್ ಸದ್ದು ಬಂದು ವೇಗದ ಜೊತೆ ಹೆಚ್ಚುತ್ತಿದ್ದರೆ ಅಲ್ಲೇ ನಿಲ್ಲಿಸಿ. ಅದು ನಟ್ ಸಡಿಲ. "ಮನೆ ಹತ್ತಿರವೇ ಇದೆ" ಎಂದು ಓಡಿಸಬೇಡಿ. ಸಡಿಲವಾದ ರಿಮ್ ಸ್ಟಡ್‌ಗಳ (ನಟ್ ಕೂರುವ ಬೋಲ್ಟ್ ಕಡ್ಡಿಗಳ) ಮೇಲೆ ಆಡುತ್ತಾ ನಟ್ ಕೂರುವ ತೂತನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ರಿಮ್ ಗುಜರಿಗೆ.

ಅದೇ ಕಡಿಮೆ ವೇಗದಲ್ಲಿ ಸದ್ದಿಲ್ಲದೆ ಕಾರು ಕುಂಟುವ ಹಾಗೆ, ಸ್ಟೇರಿಂಗ್ ಎಡ ಬಲ ತೂಗುವ ಹಾಗೆ ಅನಿಸಿದರೆ ಟಯರ್ ಒಳಗಿನ ಉಕ್ಕಿನ ಪದರ ಬಿಟ್ಟುಕೊಂಡಿರಬಹುದು. ಚಕ್ರವನ್ನು ಎತ್ತಿ ನಿಧಾನವಾಗಿ ತಿರುಗಿಸಿ, ಬಟನ್ (ರಸ್ತೆಗೆ ತಾಗುವ ಮೈಯ ರಬ್ಬರ್ ಅಚ್ಚು) ಮೇಲೆ ಅಂಗೈ ಆಡಿಸಿ. ಒಂದು ಜಾಗದಲ್ಲಿ ದಿಬ್ಬ ಸಿಕ್ಕರೆ ಆ ಟಯರ್‌ಗೆ ರೊಟೇಷನ್ನೂ ಬೇಡ, ಬ್ಯಾಲೆನ್ಸಿಂಗೂ ಬೇಡ. ತೆಗೆದು ಸ್ಟೆಪ್ನಿ ಹಾಕಿ. ಗೋಡೆಯಲ್ಲಿ ಉಬ್ಬು ಇದ್ದರೂ ಇದೇ ಮಾತು. ಹಿಂದೆ ಇದ್ದಾಗ ಇಂಥ ಟಯರ್ ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಅದೇ ಅಪಾಯ.

80ರಿಂದ 100ರ ನಡುವೆ ಬಂದು, ಆಮೇಲೆ ಕಡಿಮೆಯಾದರೆ ನನ್ನದೇ ಕತೆ: ತೂಕದ ವ್ಯತ್ಯಾಸ. ಮೊದಲು ರಿಮ್ ಒಳಮೈ ನೋಡಿ, ಮಣ್ಣು ಇದೆಯೇ? ಹಿಂದೆ ತೂಕದ ತುಂಡು ಅಂಟಿಸಿದ್ದ ಜಾಗದಲ್ಲಿ ಬರೀ ಅಂಟಿನ ಚೌಕ ಉಳಿದಿದೆಯೇ? ಅಲಾಯ್ ರಿಮ್‌ಗೆ ಅಂಟಿಸುವ ತುಂಡುಗಳು ವಾಟರ್ ಸರ್ವಿಸ್‌ನವರ ಪ್ರೆಶರ್ ನೀರಿಗೆ ಕಿತ್ತುಹೋಗುವುದುಂಟು. ಎರಡೂ ಇಲ್ಲದಿದ್ದರೆ ರಿಮ್ ಅಂಚು ಗುಂಡಿಗೆ ಬಡಿದು ಬಾಗಿರಬಹುದು. ಎತ್ತಿದ ಚಕ್ರದ ಅಂಚಿನ ಹತ್ತಿರ ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು ಚಕ್ರ ತಿರುಗಿಸಿ. ಸಂದು ಹಿಗ್ಗಿ ಕುಗ್ಗಿದರೆ ಬಾಗಿದೆ ಎಂದರ್ಥ.

ಬಾಗಿಲ್ಲದ ರಿಮ್ಮೂ ಹೀಗೆ ಕುಣಿಯಬಹುದು. ಮನೆಯ ಕೆಲಸದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇಲ್ಲೇ. ರಿಮ್ ಬಂದು ಕೂರುವ ಹಬ್‌ನ ಮುಖದ ಮೇಲೆ ತುಕ್ಕಿನ ಹಕ್ಕಳೆಯೋ, ಮಣ್ಣಿನ ಕಣವೋ ಸಿಕ್ಕಿಕೊಂಡರೆ ರಿಮ್ ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಬಿಗಿಯುವಾಗ ನಟ್ ಟೈಟ್ ಅನಿಸುತ್ತದೆ. ಐವತ್ತು ಕಿಲೋಮೀಟರ್ ಓಡುವ ಹೊತ್ತಿಗೆ ಆ ಹಕ್ಕಳೆ ಪುಡಿಯಾಗುತ್ತದೆ, ನಟ್ ಸಡಿಲವಾಗುತ್ತದೆ. ಆದ್ದರಿಂದ ತಂತಿ ಬ್ರಷ್‌ನಿಂದ ಹಬ್ ಮುಖವನ್ನೂ ರಿಮ್‌ನ ಹಿಂಬದಿಯನ್ನೂ ಉಜ್ಜಲೇಬೇಕು. ಹೊರಗಿನಿಂದ ಕೊಂಡು ಹಾಕಿಸಿದ ಅಲಾಯ್ ಆಗಿದ್ದರೆ ಹಬ್‌ಗೂ ರಿಮ್‌ನ ನಡುತೂತಿಗೂ ನಡುವೆ ಒಂದು ಪ್ಲಾಸ್ಟಿಕ್ ಬಳೆ ಇರಬಹುದು. ಬಿಚ್ಚುವಾಗ ಅದು ಎಲ್ಲೋ ಉರುಳಿಹೋಗಿ, ಹಾಕುವಾಗ ನೆನಪಾಗದೆ, ಆಮೇಲೆ ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿದವರನ್ನು ನೋಡಿದ್ದೇನೆ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಟಯರ್ ಬಿಡಿ, ಡಿಸ್ಕ್ ನೋಡಿ. ಅಂಗಡಿಯಲ್ಲಿ ನಟ್ ತಿರುಗಿಸುವ ಗಾಳಿ ಗನ್ ಇಟ್ಟು ಒಂದು ನಟ್ ಅತಿಯಾಗಿ, ಇನ್ನೊಂದು ಸಾಧಾರಣವಾಗಿ ಬಿಗಿದರೆ ಡಿಸ್ಕ್ ಓರೆಯಾಗಿ ಕೂರುತ್ತದೆ. ಎಲ್ಲ ನಟ್ ಸಡಿಲಿಸಿ ಸಮವಾಗಿ ಮತ್ತೆ ಬಿಗಿದು ನೋಡಿ, ಹೊಸದಾಗಿ ಶುರುವಾದದ್ದಾದರೆ ಅಷ್ಟಕ್ಕೇ ಹೋಗಲೂಬಹುದು.

ಒಂದು ಕಡೆಗೆ ಎಳೆದರೆ

ಗಾಳಿ ಮೊದಲು. ಅನೇಕ ಕಾರುಗಳಲ್ಲಿ ಮುಂದೆ ಹಿಂದೆ ಬೇರೆ ಬೇರೆ ಗಾಳಿ ಹೇಳಿರುತ್ತಾರೆ. ಚಾಲಕರ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಇರುತ್ತದೆ. ಟಯರ್ ಜಾಗ ಬದಲಾದರೂ ಅದರೊಳಗಿನ ಗಾಳಿ ಹಳೆಯ ಜಾಗದ್ದೇ. ಇದನ್ನು ಸರಿಮಾಡದೆ ಅಲೈನ್‌ಮೆಂಟ್‌ಗೆ ಓಡುವವರು ಬಹಳ.

ಗಾಳಿ ಸರಿ ಇದ್ದೂ ಎಳೆಯುತ್ತಿದೆಯೇ? ಮುಂದಿನ ಎರಡು ಟಯರ್‌ಗಳನ್ನು ಎಡ ಬಲ ಅದಲು ಬದಲು ಮಾಡಿ. ಎಡಕ್ಕೆ ಎಳೆಯುತ್ತಿದ್ದದ್ದು ಬಲಕ್ಕೆ ತಿರುಗಿದರೆ ದೋಷ ಟಯರ್‌ನಲ್ಲೇ ಇದೆ: ಒಳಗಿನ ಪದರ ಸ್ವಲ್ಪ ಓರೆ ಕೂತು, ಟಯರ್ ಉರುಳುವಾಗ ಕೋನ್ ಐಸ್‌ಕ್ರೀಮ್ ಬಿದ್ದು ಉರುಳಿದ ಹಾಗೆ ಒಂದು ಮಗ್ಗುಲಿಗೆ ಹೋಗುತ್ತದೆ. ಅದನ್ನು ಮತ್ತೆ ಹಿಂದಕ್ಕೆ ಕಳಿಸಿದರೆ ಮುಗಿಯಿತು. ಅದಲು ಬದಲು ಮಾಡಿದರೂ ಅದೇ ಕಡೆಗೇ ಎಳೆದರೆ ಅಲೈನ್‌ಮೆಂಟ್ ಅಥವಾ ಹಿಡಿದುಕೊಂಡ ಬ್ರೇಕ್. ಹತ್ತು ಕಿಲೋಮೀಟರ್ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ನಿಲ್ಲಿಸಿ, ರಿಮ್‌ಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಒಲೆಯ ಹಾಗೆ ಕಾದಿದ್ದರೆ ಅದರ ಬ್ರೇಕ್ ಬಿಡುತ್ತಿಲ್ಲ.

ಸ್ವಲ್ಪವೇ ಎಡಕ್ಕೆ ಜಾರಿದರೆ ತಲೆ ಕೆಡಿಸಿಕೊಳ್ಳಬೇಡಿ. ಮಳೆನೀರು ಹರಿಯಲೆಂದು ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ, ನಾವು ಓಡಿಸುವುದು ಎಡದಲ್ಲಿ.

ಗುಂಯ್ ಅನ್ನುವ ಸದ್ದು

ಮುಂದಿನ ಚಕ್ರದ ಚಾಲನೆಯ ಕಾರುಗಳಲ್ಲಿ ಹಿಂದಿನ ಟಯರ್‌ಗಳು ಕಡಿಮೆ ಸವೆಯುತ್ತವೆ. ಆದರೆ ಬಹಳ ಕಾಲ ಹಿಂದೆಯೇ ಬಿಟ್ಟರೆ ಅವು ಗರಗಸದ ಹಲ್ಲಿನ ಹಾಗೆ ಸವೆಯುತ್ತವೆ. ಕೈಯನ್ನು ಬಟನ್ ಮೇಲೆ ಮುಂದಕ್ಕೆ ಆಡಿಸಿದರೆ ನುಣುಪು, ಹಿಂದಕ್ಕೆ ಆಡಿಸಿದರೆ ಚುಚ್ಚುತ್ತದೆ. ಅವನ್ನು ಮುಂದೆ ತಂದ ದಿನ ಕಾರಿನೊಳಗೆ ಗುಂಯ್ ಎಂಬ ಸದ್ದು ತುಂಬುತ್ತದೆ. ಮೆಕ್ಯಾನಿಕ್ "ಬೇರಿಂಗ್ ಹೋಗಿದೆ" ಅನ್ನುತ್ತಾನೆ. ಬೇರಿಂಗ್ ಬದಲಾಯಿಸಿದರೆ ಸದ್ದು ಹಾಗೇ ಇರುತ್ತದೆ, ದುಡ್ಡು ಮಾತ್ರ ಹೋಗಿರುತ್ತದೆ.

ಎರಡನ್ನೂ ಬೇರ್ಪಡಿಸುವ ಉಪಾಯ ಹಳೆಯದು. ಒಂದೇ ವೇಗದಲ್ಲಿ ಹೋಗುತ್ತಾ ಉದ್ದನೆಯ ತಿರುವಿನಲ್ಲಿ ಸದ್ದು ಆಲಿಸಿ. ಎಡ ತಿರುವಿನಲ್ಲಿ ಕಾರಿನ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಸದ್ದು ಆಗ ಜೋರಾಗಿ, ಬಲ ತಿರುವಿನಲ್ಲಿ ಇಳಿದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ತಿರುವಿಗೆ ಬದಲಾಗದೆ ರಸ್ತೆಯ ಮೈ ಬದಲಾದಾಗ ಬದಲಾದರೆ ಟಯರ್. ನಮ್ಮ ಕಡೆಯವರಿಗೆ ಇದಕ್ಕೆ ಶಿರಾಡಿ ಘಾಟಿಗಿಂತ ಒಳ್ಳೆಯ ಪರೀಕ್ಷೆಯ ಜಾಗ ಇಲ್ಲ. ಡಾಂಬರು ಮುಗಿದು ಕಾಂಕ್ರೀಟ್ ಶುರುವಾಗುವ ಗೆರೆ ದಾಟಿದ ಕ್ಷಣ ಟಯರ್‌ನ ರಾಗ ಬದಲಾಗುತ್ತದೆ, ಬೇರಿಂಗ್‌ನದು ಅದೇ ಶ್ರುತಿಯಲ್ಲಿ ಇರುತ್ತದೆ. ಗರಗಸ ಸವೆತ ಹೆಚ್ಚಿಲ್ಲದಿದ್ದರೆ ಮುಂದೆ ಒಂದೆರಡು ಸಾವಿರ ಕಿಲೋಮೀಟರ್ ಓಡಿದಂತೆ ತಾನಾಗಿ ಇಳಿಯುತ್ತದೆ.

ಬೇರೆ ಸವೆತಗಳ ವಿಷಯ ಚುಟುಕಾಗಿ: ನಡುವೆ ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಕಡಿಮೆ, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್. ಈ ಮೂರನೆಯದರಲ್ಲಿ ರೊಟೇಷನ್ ಮೊದಲು ಮಾಡುವುದು ಸೋರುವ ಸೂರಿನ ಕೆಳಗೆ ಪಾತ್ರೆ ಬದಲಾಯಿಸಿದ ಹಾಗೆ. ಬಟನ್ 1.6 ಮಿ.ಮೀ.ಗೆ ಇಳಿದಿದ್ದರೆ, ಅಂದರೆ ಗೀರಿನ ತಳದ ಸಣ್ಣ ದಿಬ್ಬಕ್ಕೆ ಸಮವಾಗಿದ್ದರೆ, ಬದಲಾಯಿಸಬೇಕಾದ್ದು ಜಾಗವನ್ನಲ್ಲ, ಟಯರನ್ನೇ.

ಮನೆಯಲ್ಲಿ ಮಾಡುವುದಾದರೆ

ದುಡ್ಡು ಉಳಿಯುತ್ತದೆ ಎಂದು ಮಾಡಬೇಡಿ. ರೊಟೇಷನ್ ಒಂದಕ್ಕೇ ಟಯರ್ ಅಂಗಡಿಯವರು ತೆಗೆದುಕೊಳ್ಳುವುದು ಸಣ್ಣ ಮೊತ್ತ, ಬ್ಯಾಲೆನ್ಸಿಂಗ್ ಮಾಡಿಸಿದರೆ ಎಷ್ಟೋ ಕಡೆ ಅದರೊಳಗೇ ಸೇರಿರುತ್ತದೆ. ಮನೆಯಲ್ಲಿ ಮಾಡುವುದರ ಲಾಭ ಬೇರೆ. ನಾಲ್ಕೂ ಟಯರ್‌ಗಳ ಒಳಗೋಡೆ, ಬ್ರೇಕ್ ಪ್ಯಾಡ್, ಆಕ್ಸಲ್ ಬೂಟ್‌ನ ರಬ್ಬರ್, ಶಾಕ್ ಅಬ್ಸಾರ್ಬರ್‌ನ ಎಣ್ಣೆ ಸೋರಿಕೆ, ಇವೆಲ್ಲ ಒಂದು ಬೆಳಗ್ಗೆ ಕಣ್ಣಿಗೆ ಬೀಳುತ್ತವೆ. ಅಂಗಡಿಯ ಹುಡುಗನಿಗೆ ಅಷ್ಟು ಹೊತ್ತು ಎಲ್ಲಿದೆ?

ನೆಲ ಸಮವಾಗಿ ಗಟ್ಟಿಯಾಗಿರಬೇಕು. ಗೇರ್ ಹಾಕಿದ್ದೇನಲ್ಲ, ಉರುಳುವುದಿಲ್ಲ ಎಂಬ ನಂಬಿಕೆ ಬೇಡ. ಮುಂದಿನ ಒಂದು ಚಕ್ರ ಎತ್ತಿದರೆ ಆ ಚಕ್ರ ಸ್ವತಂತ್ರವಾಗಿ ತಿರುಗುತ್ತದೆ, ಹಾಗಾಗಿ ಮುಂದಿನ ಚಕ್ರ ಚಾಲನೆಯ ಕಾರಿನಲ್ಲಿ ಗೇರ್‌ನ ಹಿಡಿತ ಹೋಯಿತು. ಹಿಡಿದಿರುವುದು ಹಿಂದಿನ ಹ್ಯಾಂಡ್‌ಬ್ರೇಕ್ ಮಾತ್ರ. ಹಿಂದಿನ ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕ್‌ನ ಅರ್ಧ ಹೋಯಿತು. ಆದ್ದರಿಂದ ಎರಡೂ ಹಾಕಿ, ಓರೆಯಲ್ಲಿ ಎದುರಿರುವ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ಬಿಚ್ಚಿದ ಟಯರನ್ನು ಗೋಡೆಗೆ ಒರಗಿಸದೆ ಕಾರಿನ ಅಡಿಗೆ, ಜಾಕ್ ಪಕ್ಕ ಮಲಗಿಸಿ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ.

ಒಂದೇ ಜಾಕ್ ಇದ್ದವರಿಗೆ ಸ್ಟೆಪ್ನಿಯೇ ಐದನೇ ಕಾಲು. ಮುಂದಿನ ಚಕ್ರದ ಚಾಲನೆಯ ಕಾರಿಗೆ, ಸಾಮಾನ್ಯ ಟಯರ್‌ಗೆ, ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡ ಹಾಯ್ದು ಮುಂದಕ್ಕೆ. ನಾನು ಮಾಡುವ ಕ್ರಮ ಹೀಗೆ: ಮುಎ ಬಿಚ್ಚಿ ಅಲ್ಲಿಗೆ ಸ್ಟೆಪ್ನಿ. ಹಿಎ ಬಿಚ್ಚಿ ಅಲ್ಲಿಗೆ ಮುಎ. ಮುಬ ಬಿಚ್ಚಿ ಅಲ್ಲಿಗೆ ಕೈಯಲ್ಲಿರುವ ಹಿಎ. ಹಿಬ ಬಿಚ್ಚಿ ಅಲ್ಲಿಗೆ ಮುಬ. ಕೊನೆಗೆ ಸ್ಟೆಪ್ನಿ ತೆಗೆದು ಅಲ್ಲಿಗೆ ಹಿಬ. ಜಾಕ್ ಏರಿಸುವುದು ಐದೇ ಸಲ. ತಮಾಷೆ ಎಂದರೆ, ಸುಲಭ ಎಂದುಕೊಂಡು ಅದೇ ಮಗ್ಗುಲಲ್ಲಿ ಮುಂದು ಹಿಂದು ಮಾಡಿದರೆ ಆರು ಸಲ ಏರಿಸಬೇಕು.

ಟಯರ್ ಗೋಡೆಯ ಮೇಲೆ ಬಾಣದ ಗುರುತಿದ್ದರೆ ಅಡ್ಡ ಹಾಯಿಸಬಾರದು, ಅದೇ ಮಗ್ಗುಲಲ್ಲಿ ಮುಂದು ಹಿಂದು ಮಾತ್ರ. ಬಾಣ ಉಲ್ಟಾ ಬಿದ್ದರೆ ಮಳೆಯಲ್ಲಿ ನೀರು ಹೊರಗೆ ತಳ್ಳುವ ಕೆಲಸ ಕೆಡುತ್ತದೆ. ಸ್ಟೆಪ್ನಿ ಉಳಿದ ನಾಲ್ಕರ ಅಳತೆಯದೇ ಆದರೆ ಅದನ್ನೂ ಸರದಿಗೆ ಸೇರಿಸಬಹುದು. ಈಗಿನ ಹಲವು ಕಾರುಗಳಲ್ಲಿ ಬರುವ ಸಣ್ಣ ಸ್ಟೆಪ್ನಿಗೆ 80 ಕಿ.ಮೀ. ವೇಗದ ಮಿತಿ ಬರೆದಿರುತ್ತದೆ. ಅದು ಅಂಗಳದಲ್ಲಿ ಊರುಗೋಲಾಗಿ ನಿಲ್ಲಲಿ, ಸರದಿ ಬೇಡ. ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರಿಗೆ ಇನ್ನೊಂದು ಪಾಡು: ಹಬ್‌ನಲ್ಲಿ ಸ್ಟಡ್ ಇರುವುದಿಲ್ಲ, ಹೊರಗಿನಿಂದ ಬೋಲ್ಟ್ ತಿರುಗಿಸಬೇಕು. ಹದಿನೈದು ಕಿಲೋ ಚಕ್ರವನ್ನು ಎತ್ತಿ ಹಿಡಿದು ತೂತಿಗೆ ತೂತು ಕೂಡಿಸುವಾಗ ಜೊತೆಗೊಬ್ಬರು ಇರಲಿ.

ನಟ್ ಬಿಗಿಯುವುದು ಮನೆಗೂ ಅಂಗಡಿಗೂ ಇರುವ ನಿಜವಾದ ವ್ಯತ್ಯಾಸ. ಸಣ್ಣ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರ್ ತಿರುಚುಬಲ ಬೇಕು. ನಿಮ್ಮ ಕಾರಿನ ನಿಖರ ಅಂಕಿ ಕೈಪಿಡಿಯಲ್ಲಿದೆ. 30 ಸೆಂ.ಮೀ. ಉದ್ದದ ಎಲ್ ಸ್ಪ್ಯಾನರ್‌ನ ತುದಿಯಲ್ಲಿ ಅದು ಹೆಚ್ಚುಕಡಿಮೆ 34 ಕಿಲೋ ಒತ್ತಡ. ಎರಡೂ ಕೈಯಿಂದ ಚೆನ್ನಾಗಿ ಊರಿದರೆ ಬರುತ್ತದೆ. ಅದರ ಮೇಲೆ ಹತ್ತಿ ನಿಂತರೆ, 70 ಕಿಲೋದವರಾಗಿದ್ದರೆ, 200 ದಾಟುತ್ತದೆ, ಬೇಕಾದ್ದರ ಎರಡು ಪಟ್ಟು. ಬಿಚ್ಚುವಾಗ ನಿಲ್ಲಿ, ಬಿಗಿಯುವಾಗ ಬೇಡ. ನಟ್‌ಗಳನ್ನು ಮೊದಲು ಬೆರಳಿನಿಂದಲೇ ಕೊನೆವರೆಗೂ ತಿರುಗಿಸಿ, ಎದುರು ಬದುರು ಕ್ರಮದಲ್ಲಿ ಅರ್ಧ ಬಿಗಿದು, ಕಾರನ್ನು ಇಳಿಸಿ, ಆಮೇಲೆ ಪೂರ್ತಿ ಬಿಗಿಯಿರಿ. ಸ್ಟಡ್‌ಗೆ ಎಣ್ಣೆ ಸವರಬೇಡಿ. ಎಣ್ಣೆ ಬಿದ್ದ ತಿರುಪಿಗೆ ಅದೇ ಬಲ ಕೊಟ್ಟರೂ ಎಳೆತ ಹೆಚ್ಚಾಗಿ ಸ್ಟಡ್ ಹಿಗ್ಗುತ್ತದೆ.

ಅಂಗಡಿಯಲ್ಲಿ ನಿಂತು ನೋಡಬೇಕಾದ್ದು

ಬ್ಯಾಲೆನ್ಸಿಂಗ್ ಮೆಷಿನ್ ಮನೆಯಲ್ಲಿ ಇರುವುದಿಲ್ಲ. ಹಿಂದಿನ ಬ್ಯಾಲೆನ್ಸಿಂಗ್ ಆಗಿ ಹತ್ತು ಸಾವಿರ ಕಿಲೋಮೀಟರ್ ಆಗಿದ್ದರೆ, 80ರ ನಡುಕ ಇದ್ದರೆ, ಒಂದೇ ಅಂಚು ಸವೆದಿದ್ದರೆ, ಅಂಗಡಿಗೇ ಹೋಗಿ. ಆದರೆ ಎಸಿ ಕೋಣೆಯಲ್ಲಿ ಟೀವಿ ನೋಡುತ್ತಾ ಕೂರಬೇಡಿ.

ಆ 48,000ದ ಪ್ರಸಂಗ ಆಗಿ ಎರಡು ತಿಂಗಳಿಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಮಾರನಹಳ್ಳಿ ದಾಟಿದ ಮೇಲೆ, ಮಳೆಯಲ್ಲಿ ಹಿಂದಿನ ಬಲ ಪಂಕ್ಚರ್. ನಟ್ ಒಂದೂ ಕದಲಲಿಲ್ಲ. ಸ್ಪ್ಯಾನರ್ ಮೇಲೆ ನಿಂತೆ, ಕುಣಿದೆ. ಕೊನೆಗೆ ಒಂದು ಲಾರಿಯ ಕ್ಲೀನರ್ ಇಳಿದು ಬಂದು, ಎರಡಡಿ ಕಬ್ಬಿಣದ ಪೈಪನ್ನು ಸ್ಪ್ಯಾನರ್‌ಗೆ ಸಿಕ್ಕಿಸಿ ಒತ್ತಿದ. ಕೋವಿ ಹೊಡೆದ ಹಾಗೆ ಸದ್ದಾಗಿ ಬಿಟ್ಟಿತು. "ಗನ್ನಲ್ಲಿ ಟೈಟ್ ಮಾಡ್ಸಿದೀರಾ ಅಣ್ಣ" ಎಂದ. ಹೌದು. ಗಾಳಿ ಗನ್ ಬಿಚ್ಚುವುದಕ್ಕೆ ಸರಿ. ಬಿಗಿಯುವುದಕ್ಕೆ ಟಾರ್ಕ್ ವ್ರೆಂಚ್ (ಬೇಕಾದಷ್ಟು ಬಿಗಿಯಾದ ಕೂಡಲೇ ಕ್ಲಿಕ್ ಎನ್ನುವ ಸ್ಪ್ಯಾನರ್) ಕೇಳಿ. ಇಲ್ಲ ಎಂದರೆ ಗನ್ ನಿಧಾನವಾಗಿ ಕೊಟ್ಟು, ಕೊನೆಯ ಬಿಗಿ ಕೈಯಲ್ಲೇ ಹಾಕಿ ಎನ್ನಿ. ಒಪ್ಪದವರ ಹತ್ತಿರ ಮಾಡಿಸಿದರೆ ಮನೆಗೆ ಬಂದು ಒಂದೊಂದೇ ನಟ್ ಸಡಿಲಿಸಿ ನೀವೇ ಮತ್ತೆ ಬಿಗಿಯಿರಿ.

ಗಾಳಿಯ ಸೆನ್ಸರ್ ಇರುವ ಕಾರಾದರೆ ಜಾಗ ಬದಲಾದದ್ದನ್ನು ಅದಕ್ಕೂ ತಿಳಿಸಬೇಕು. ಇಲ್ಲದಿದ್ದರೆ ಹಿಂದಿನ ಟಯರ್‌ನಲ್ಲಿ ಗಾಳಿ ಇಳಿದಾಗ ಪರದೆ ಮುಂದಿನದನ್ನು ತೋರಿಸಬಹುದು.

ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ, 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ನೋಡಲೇಬೇಕು. ಕಳೆದ ಸಲ ಮನೆಯಲ್ಲೇ ಮಾಡಿದೆ. ಮರುದಿನ ಅರಸೀಕೆರೆಗೆ ಹೋಗಿ ಬಂದು ಟಾರ್ಕ್ ವ್ರೆಂಚ್ ಹಿಡಿದು ಸುತ್ತು ಬಂದೆ. ಹದಿನೈದು ನಟ್‌ಗಳು ಅಲುಗದೆ ಕ್ಲಿಕ್ ಎಂದವು. ಹದಿನಾರನೆಯದು ಕಾಲು ಸುತ್ತು ತಿರುಗಿ ಆಮೇಲೆ ಕ್ಲಿಕ್ ಎಂದಿತು. ಮುಂದಿನ ಬಲ. ಹೊಟ್ಟೆ ಹಸಿದಿತ್ತು, ಒಳಗೆ ದೋಸೆ ಹುಯ್ಯುವ ಸದ್ದು ಕೇಳುತ್ತಿತ್ತು ಎಂದು ಬ್ರಷ್ ಹಾಕದೆ ಬಿಟ್ಟಿದ್ದು ಆ ಒಂದೇ ಹಬ್‌ಗೆ.